ಹಳೆ ಟ್ಯೂಬ್ ಪಟ್ಟಿ ಕಳಚಬೇಡಿ

ನಮ್ಮ ಮಾಟುಂಗದ ಹೋಟೆಲಿನಲ್ಲಿ ಕಳೆದ ಮಳೆಗಾಲದ ಒಂದು ರಾತ್ರಿ ಗ್ರೈಂಡರ್ ಮೇಲಿನ ಟ್ಯೂಬ್‌ಲೈಟ್ ಜಾರಿ ಬಿದ್ದು ಒಡೆಯಿತು. ಆವಿ ಹಿಡಿದು ಹೋಲ್ಡರ್ ಸಡಿಲವಾಗಿತ್ತು. ಕೆಳಗೆ ಎರಡು ಪಾತ್ರೆ ತುಂಬ ಮರುದಿನದ ದೋಸೆ ಹಿಟ್ಟು. ಮೇಲಿನದು ತೆಗೆದು ಸೋಸಿದರಾಯಿತು ಎಂದರು ಭಟ್ಟರು. ಗಾಜಿನ ಸಣ್ಣ ಚೂರು ಕಣ್ಣಿಗೆ ಕಾಣುವುದಿಲ್ಲ, ಟ್ಯೂಬಿನೊಳಗೆ ಪಾದರಸವೂ ಇರುತ್ತದೆ. ಅಷ್ಟನ್ನೂ ಚೆಲ್ಲಿದೆವು. ಬೆಳಿಗ್ಗೆ ಬೋರ್ಡಿನಲ್ಲಿ "ಇಂದು ದೋಸೆ ಇಲ್ಲ" ಎಂದು ಬರೆಯುವಾಗ ಕೈ ಬರಲಿಲ್ಲ.

ನಮ್ಮಲ್ಲಿರುವ 14 ಪಟ್ಟಿಗಳೂ ತಂದೆಯವರ ಕಾಲದವು. ಮೊದಲು ಬಂದ ವಯರ್‌ಮ್ಯಾನ್ ಎಲ್ಲ ಕಿತ್ತು ಫಾಲ್ಸ್ ಸೀಲಿಂಗ್, ಪ್ಯಾನೆಲ್ ಲೈಟ್ ಎಂದು 40,000ದ ಲೆಕ್ಕ ಕೊಟ್ಟ. ಮಕ್ಕಳ ಫೀಸು ಕಟ್ಟುವ ತಿಂಗಳು, ಎಲ್ಲಿಂದ ತರುವುದು? ಇನ್ನೊಬ್ಬ ಪಟ್ಟಿಯನ್ನು ತಟ್ಟಿ ನೋಡಿ, "ಕಬ್ಬಿಣ ಗಟ್ಟಿ ಇದೆ ಶೇಟ್, ಒಳಗಿನದು ಮಾತ್ರ ಬದಲಿಸಿ" ಎಂದ.

ಹಾಗೇ ಮಾಡಿದೆವು. ಮೈನ್ ಸ್ವಿಚ್ ತೆಗೆದು, ಚೋಕ್, ಸ್ಟಾರ್ಟರ್ ಕಳಚಿ, ಹೊಸ ಹೋಲ್ಡರ್ ಹಾಕಿ, ಎಲ್‌ಇಡಿ ಟ್ಯೂಬಿಗೆ ನೇರ ಕರೆಂಟು. ಇಲ್ಲೊಂದು ಜಾಗ್ರತೆ ಬೇಕು. ಕೆಲವು ಟ್ಯೂಬುಗಳಿಗೆ ಫೇಸ್ ಒಂದು ತುದಿಗೆ, ನ್ಯೂಟ್ರಲ್ ಇನ್ನೊಂದು ತುದಿಗೆ. ಕೆಲವಕ್ಕೆ ಎರಡೂ ಒಂದೇ ತುದಿಗೆ. ಟ್ಯೂಬಿನ ಮೇಲೆಯೋ ಪೆಟ್ಟಿಗೆಯಲ್ಲೋ ಚಿತ್ರ ಇರುತ್ತದೆ, ಅದನ್ನು ನೋಡಿಯೇ ಜೋಡಿಸಬೇಕು. ನಾಳೆ ಯಾರಾದರೂ ಹುಡುಗರು ಹಳೆ ಟ್ಯೂಬ್ ತಂದು ಸಿಕ್ಕಿಸಬಾರದು ಎಂದು ಪ್ರತಿ ಪಟ್ಟಿಗೂ "ಎಲ್‌ಇಡಿ ಮಾತ್ರ" ಎಂದು ಚೀಟಿ ಅಂಟಿಸಿದ್ದೇವೆ.

ಅಡುಗೆ ಕೋಣೆಗೆ ಅಗ್ಗದ್ದು ತರಲಿಲ್ಲ. ಎಲ್‌ಇಡಿಯಲ್ಲೂ ಗಾಜಿನ ಟ್ಯೂಬ್ ಬರುತ್ತದೆ, ಬಿದ್ದರೆ ಅದೂ ಒಡೆಯುವುದೇ. ಪಾಲಿಕಾರ್ಬೊನೇಟಿನದು 350ರಂತೆ 6 ತಂದೆವು. ದೀಪ ಒಡೆದು ಆಹಾರಕ್ಕೆ ಬೀಳದಂತೆ ರಕ್ಷಣೆ ಇದೆಯೇ ಎಂದು ಎಫ್‌ಎಸ್‌ಎಸ್‌ಎಐ ತಪಾಸಣೆಯಲ್ಲೂ ನೋಡುತ್ತಾರೆ.

ಹಾಲಿಗೆ 220ರದ್ದು 8. ಅಲ್ಲಿ ನಾವು ಎಡವಿದೆವು. ಹೆಚ್ಚು ಬೆಳಕೆಂದು 6500 ಕೆಲ್ವಿನ್‌ದು ತಂದರೆ ಸಾಂಬಾರು ಬೂದಿ ಬಣ್ಣ, ದೋಸೆ ಬೆಂದೇ ಇಲ್ಲವೆಂಬಂತೆ! ಬಿಲ್ಲು ಇದ್ದುದರಿಂದ ಅಂಗಡಿಯವರು 4000ದ್ದಕ್ಕೆ ಬದಲಿಸಿಕೊಟ್ಟರು.

ಹೋಲ್ಡರ್, ಕೂಲಿ ಪಟ್ಟಿಗೆ 120. ಒಟ್ಟು 5,540 ರೂಪಾಯಿ. ಹಳೆಯದು ಚೋಕ್ ಸೇರಿ 50 ವ್ಯಾಟಿನ ಮೇಲೆ ಎಳೆಯುತ್ತಿತ್ತು, ಇದು 20. ದಿನಕ್ಕೆ 15 ತಾಸು ಉರಿದರೆ 14 ಪಟ್ಟಿಗೆ ತಿಂಗಳಿಗೆ ಸುಮಾರು 200 ಯೂನಿಟ್ ಉಳಿತಾಯ. ಯೂನಿಟ್ಟಿಗೆ 12 ರೂಪಾಯಿ ಹಿಡಿದರೂ ಮೂರು ತಿಂಗಳೊಳಗೆ ಹಾಕಿದ ಹಣ ಬಂತು.

ಗಲ್ಲಾದ ಮೇಲೆ ತಂದೆಯವರು ತೂಗುಹಾಕಿದ್ದ ಹಾಲುಗಾಜಿನ ಗುಂಡನ್ನೂ ತೆಗೆಸಲಿಲ್ಲ. ಹೊಸ ಹೋಲ್ಡರಿನಲ್ಲಿ 9 ವ್ಯಾಟಿನ ಬಲ್ಬು ಹಾಕಿ ಉರಿಸುತ್ತಿದ್ದೇವೆ.