ವಿಜಯಪುರ ಪ್ರದೇಶದ ಹಳೆಯ ಶಾಲಾಗೃಹಗಳು: ಕಾಲನಿರ್ಣಯದ ಒಂದು ಸಮಸ್ಯೆ

ವಿಜಯಪುರಕ್ಕೆ ಬರುವ ಇತಿಹಾಸಾಸಕ್ತರು ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾವನ್ನೂ ಕಂಡು ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ಅದೇ ಊರಿನ ಓಣಿಗಳಲ್ಲಿರುವ ಕಲ್ಲುಗೋಡೆಯ ಹಳೆಯ ಸರಕಾರಿ ಶಾಲೆಗಳ ಮುಂದೆ ನಿಲ್ಲುವವರು ವಿರಳ. ಇಂಥ ಶಾಲೆಗಳ ಬಾಗಿಲ ಮೇಲೆ ‘ಸ್ಥಾಪನೆ’ ಎಂದು ಬಣ್ಣದಿಂದ ಬರೆದ ಇಸವಿಯೊಂದು ಇರುವುದುಂಟು. ನಮ್ಮ ವಿದ್ಯಾರ್ಥಿಗಳು ಅದನ್ನೇ ಕಟ್ಟಡದ ವಯಸ್ಸೆಂದು ತಿಳಿದು ಪ್ರಬಂಧಗಳಲ್ಲಿ ಬರೆದುಬಿಡುತ್ತಾರೆ. ಆದರೆ ಶಾಲೆಯ ಹುಟ್ಟು ಬೇರೆ, ಶಾಲಾಗೃಹದ ಹುಟ್ಟು ಬೇರೆ. ಇವೆರಡರ ನಡುವೆ ಹಲವು ದಶಕಗಳ ಅಂತರವಿರಬಹುದು. ಈ ಭೇದವು ಹೇಗೆ ಉಂಟಾಯಿತು, ಅದನ್ನು ಅರಿಯುವುದು ಇಂದು ಏಕೆ ಅವಶ್ಯಕ ಎಂಬುದನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದ್ದೇವೆ.

ವಿದ್ಯೆಗಾಗಿಯೇ ಕಟ್ಟಿದ ಗೃಹವು ಈ ಜಿಲ್ಲೆಗೆ ಹೊಸತೇನೂ ಅಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವು ಶಕ 867ಕ್ಕೆ, ಎಂದರೆ ಕ್ರಿ.ಶ. 945ಕ್ಕೆ ಸೇರಿದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆ ಎಂಬ ಆ ಗ್ರಾಮದಲ್ಲಿ ಶಾಲೆಯೊಂದನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲಸಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ಅವರ ವಾಸಕ್ಕೆ 27 ಮನೆಗಳು. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ದೀಪಕ್ಕೆಂದೇ 12 ನಿವರ್ತನ. ಇದಲ್ಲದೆ ಮದುವೆಯಾದಾಗ ಐದು, ಉಪನಯನವಾದಾಗ ಎರಡೂವರೆ ನಾಣ್ಯಗಳನ್ನು ಗ್ರಾಮಸ್ಥ ಬ್ರಾಹ್ಮಣರು ಸಲ್ಲಿಸಬೇಕೆಂಬ ಕಟ್ಟಳೆಯೂ ಉಂಟು. ಅದು ಅಗ್ರಹಾರದ ವಿದ್ಯಾಸ್ಥಾನವಾದ್ದರಿಂದ ಇಂದಿನ ಅರ್ಥದ ಸಾರ್ವಜನಿಕ ಶಾಲೆಯೆಂದು ಕರೆಯುವುದು ಸಲ್ಲದು. ಆದರೂ ದೀಪದ ಎಣ್ಣೆಗೂ ಪ್ರತ್ಯೇಕ ಭೂಮಿಯನ್ನು ಬಿಟ್ಟ ಆ ದೂರದೃಷ್ಟಿಯನ್ನು ಕಂಡಾಗ ನಮಗೆ ಬೆರಗಾಗದೆ ಇರದು.

ಆದಿಲಶಾಹಿ ಕಾಲದಲ್ಲಿ ಚಿತ್ರವು ಬದಲಾಗುತ್ತದೆ. ‘ಬಸಾತೀನ್-ಉಸ್-ಸಲಾತೀನ್’ ಎಂಬ ಪಾರಸಿ ಇತಿಹಾಸಗ್ರಂಥದ ಪ್ರಕಾರ ಅಸರ ಮಹಲಿನಲ್ಲಿಯೂ ಜಾಮಿಯಾ ಮಸೀದಿಯಲ್ಲಿಯೂ ಪಾಠಗಳು ನಡೆಯುತ್ತಿದ್ದವು; ವಿದ್ಯಾರ್ಥಿಗಳಿಗೆ ಊಟವೂ ತಿಂಗಳಿಗೆ ಒಂದು ಹೊನ್ನಿನ ವೇತನವೂ ದೊರೆಯುತ್ತಿದ್ದಿತು. ಇಲ್ಲಿ ವಿದ್ಯೆಯು ಅನ್ಯೋದ್ದೇಶದ ಕಟ್ಟಡದಲ್ಲಿ ಆಶ್ರಯ ಪಡೆಯಿತು. ಅಸರ ಮಹಲು ಮೊದಲು ನ್ಯಾಯಸಭೆಗೆಂದು ಎದ್ದುದು. ಅಲ್ಲಿ ಉಳಿದಿದ್ದ ಗ್ರಂಥಭಂಡಾರವು 1853ರಲ್ಲಿ ಲಂಡನ್ನಿಗೆ ಹೋಯಿತು. ಕಟ್ಟಡ ಇಲ್ಲಿಯೇ ನಿಂತಿತು.

1848ರಲ್ಲಿ ಸಾತಾರೆಯ ಸಂಸ್ಥಾನವು ಕಂಪನಿ ಸರಕಾರಕ್ಕೆ ಸೇರಿದಾಗ ವಿಜಯಪುರವೂ ಅದರೊಡನೆ ಸೇರಿತು. 1854ರ ವುಡ್‌ನ ಶಿಕ್ಷಣ ನಿರೂಪದ ಮರುವರ್ಷ ಮುಂಬಯಿ ಪ್ರಾಂತದಲ್ಲಿ ವಿದ್ಯಾಖಾತೆಯು ಸ್ಥಾಪಿತವಾಯಿತು. ಮರಾಠಿಯ ಪ್ರಾಬಲ್ಯವಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳು ಬೇರೂರಲು ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಶ್ರಮವು ಪ್ರಸಿದ್ಧವೇ ಆಗಿದೆ. ಆದರೆ ಅಂದಿನ ಸರಕಾರವು ಶಾಲೆಯನ್ನು ‘ತೆರೆಯಿತು’ ಎಂದರೆ ಕಟ್ಟಡವನ್ನು ಕಟ್ಟಿಸಿತು ಎಂದು ಅರ್ಥವಲ್ಲ. ಮಾಸ್ತರನನ್ನು ನೇಮಿಸಿ ಹಜೇರಿ ಪುಸ್ತಕವನ್ನು ಕೊಟ್ಟರೆ ಶಾಲೆಯಾಯಿತು. ಕೂಡ್ರಲು ಸ್ಥಳವನ್ನು ಊರವರೇ ಹೊಂದಿಸಬೇಕಾಗುತ್ತಿತ್ತು: ಗುಡಿಯ ಪೌಳಿ, ಮಠದ ಪಡಸಾಲೆ, ಚಾವಡಿ, ಇಲ್ಲವೆ ಯಾರದೋ ಬಾಡಿಗೆಯ ಮನೆ.

ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಎತ್ತುತ್ತಿದ್ದ ಲೋಕಲ್ ಫಂಡ್ ಪಟ್ಟಿಗೆ 1869ರ ಮುಂಬಯಿ ಶಾಸನವು ಭದ್ರ ನೆಲೆಯನ್ನು ಕೊಟ್ಟಿತು. ಅದರ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ, ಉಳಿದುದು ರಸ್ತೆ ಮೊದಲಾದವಕ್ಕೆ. ಸಾಲೋಟಗಿಯಲ್ಲಿ ಮದುವೆಮುಂಜಿಗಳ ಮೇಲಿದ್ದ ಭಾರವು ಇಲ್ಲಿ ಜೋಳ ಬೆಳೆಯುವ ಒಕ್ಕಲಿಗನ ಹೊಲದ ಮೇಲೆ ಬಿದ್ದಿತು. ಈಚೆಗೆ ತಾವೇ ತಾಲ್ಲೂಕುಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರ, ಹಾಗೂ ಇವುಗಳ ಸುತ್ತಲಿನ ಹಳ್ಳಿಗಳ ಶಾಲೆಗಳ ಪೂರ್ವವೃತ್ತಾಂತವನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. ಪಟ್ಟಿಯ ಹಣವು ಮೊದಲು ಮಾಸ್ತರರ ಪಗಾರಕ್ಕೆ ಹೋಗುವುದು ಸಹಜ; ಗೋಡೆ ಮತ್ತು ಮಾಡುಗಳ ಸರದಿ ಬರುವುದು ತಡವಾಗಿ.

ನಗರದಲ್ಲಿ ಇನ್ನೊಂದು ಕಾರಣವೂ ಕೂಡಿತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಾನವು ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಾಳುಬಿದ್ದ ಅರಮನೆಗಳನ್ನೇ ದುರಸ್ತಿಗೊಳಿಸಿ ಬಳಸಲಾಯಿತು. ಚೀನೀ ಮಹಲು ಕಚೇರಿಯಾಯಿತು, ಆನಂದ ಮಹಲು ಅಧಿಕಾರಿಗಳ ನಿವಾಸವಾಯಿತು, ಮಸೀದಿಯೊಂದರಲ್ಲಿ ಅಂಚೆಯ ಕಚೇರಿ ಕುಳಿತಿತು. 1900ರಲ್ಲಿ ಇಲ್ಲಿಗೆ ಬಂದ ಲಾರ್ಡ್ ಕರ್ಝನ್ ಆ ಅಂಚೆ ಕಚೇರಿಯನ್ನು ಹೊರಡಿಸಿದನು. ಅವನ ಕಾಲದಲ್ಲಿಯೇ, 1904ರಲ್ಲಿ, ಪ್ರಾಚೀನ ಸ್ಮಾರಕ ರಕ್ಷಣಾ ಶಾಸನವು ಜಾರಿಗೆ ಬಂದಿತು. ಅಂದಿನಿಂದ ಈ ನಗರದಲ್ಲಿ ‘ಹಳೆಯದು’ ಎಂದರೆ ಆದಿಲಶಾಹಿಯದು ಎಂಬ ಭಾವನೆಯು ಬಲಗೊಂಡಿತೆಂದು ನಮ್ಮ ಅಭಿಪ್ರಾಯ. ಅದೇ ವೇಳೆಗೆ ಎದ್ದ ಶಾಲಾಗೃಹಗಳು ಆ ಎಣಿಕೆಗೆ ಬರಲೇ ಇಲ್ಲ.

ಖಾಸಗಿ ಸಂಸ್ಥೆಗಳ ಮಾತು ಬೇರೆ. ಡಾ. ಫ. ಗು. ಹಳಕಟ್ಟಿಯವರ ಮುಂದಾಳುತನದಲ್ಲಿ 1910ರಲ್ಲಿ ಸ್ಥಾಪಿತವಾದ ಬಿ.ಎಲ್.ಡಿ.ಇ. ಸಂಸ್ಥೆಯಂಥವುಗಳಿಗೆ ತಮ್ಮ ಚರಿತ್ರೆಯನ್ನು ಬರೆಯಿಸಿಕೊಳ್ಳುವ ಅಭಿಮಾನಿಗಳಿರುತ್ತಾರೆ. ಸರಕಾರಿ ಕನ್ನಡ ಶಾಲೆಗೂ ಉರ್ದು ಶಾಲೆಗೂ ಅಂಥ ಒಡೆಯರಿಲ್ಲ. ಅವುಗಳ ಶಾಸನವೆಂದರೆ ಜನರಲ್ ರಜಿಸ್ಟರು, ಮತ್ತು ತಪಾಸಣೆಗೆ ಬಂದ ಅಧಿಕಾರಿಗಳು ಶೇರಾ ಬರೆದಿಟ್ಟ ಪುಸ್ತಕ. ಮಾಡು ಸೋರುತ್ತದೆ, ಕೋಣೆ ಸಾಲದು, ಬಾಡಿಗೆ ಬಾಕಿ ಇದೆ ಎಂಬಂಥ ಶೇರಾಗಳು ಒಂದು ವರ್ಷದಿಂದ ಥಟ್ಟನೆ ನಿಂತುಹೋದರೆ, ಆ ವರ್ಷದ ಆಸುಪಾಸಿನಲ್ಲಿ ಹೊಸ ಗೃಹಪ್ರವೇಶವಾಗಿರಬಹುದೆಂದು ಊಹಿಸಿ ಮುಂದಿನ ಶೋಧಕ್ಕೆ ತೊಡಗಬಹುದು. ಮುಲ್ಕಿ ಪರೀಕ್ಷೆಗೆ ಕುಳಿತವರ ಸಂಖ್ಯೆ, ಹೆಣ್ಣುಮಕ್ಕಳ ಹೆಸರುಗಳು ಮೊದಲಿಗೆ ಕಾಣಿಸಿಕೊಂಡ ವರ್ಷ, ಬರಗಾಲದಲ್ಲಿ ಶಾಲೆ ಬಿಟ್ಟವರು: ಇವೆಲ್ಲವನ್ನೂ ಹುಡುಕಬೇಕಾದುದು ಅಲ್ಲಿಯೇ.

ಕಾಲನಿರ್ಣಯವು ಕೇವಲ ಪಾಂಡಿತ್ಯದ ವಿಷಯವಲ್ಲ. 1958ರ ಸ್ಮಾರಕ ಶಾಸನವು ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡವನ್ನು ಮಾತ್ರ ಪರಿಗಣಿಸುತ್ತದೆ. ಶಾಲೆಗೆ ನೂರು ತುಂಬಿದರೆ ಸಾಲದು, ಗೋಡೆಗೆ ತುಂಬಿರಬೇಕು. ಆ ಗೋಡೆಗಳಾದರೋ ಎರೆಭೂಮಿಯ ಮೇಲಿವೆ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಈ ಮಣ್ಣು ಬುನಾದಿಯನ್ನು ಸಡಿಲಿಸುತ್ತದೆ. ಬಿರುಕು ಬಿಟ್ಟ ಕೋಣೆಯನ್ನು ಶಿಥಿಲವೆಂದು ಘೋಷಿಸಿ ಕೆಡಹುವುದು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ತಪ್ಪಲ್ಲ, ಅದನ್ನು ನಾವು ವಿರೋಧಿಸುವುದೂ ಇಲ್ಲ. ಆದರೆ ಕೆಡಹುವ ಮುನ್ನ ಅಳತೆ, ನಕ್ಷೆ, ಛಾಯಾಚಿತ್ರಗಳನ್ನು ತೆಗೆದಿರಿಸಲು ಒಂದು ದಿನ ಸಾಕು. ಕಾಲೇಜಿನ ಇತಿಹಾಸ ವಿಭಾಗಗಳು ಮನಸ್ಸು ಮಾಡಿದರೆ ವಿದ್ಯಾರ್ಥಿಗಳಿಂದಲೇ ಇದನ್ನು ಮಾಡಿಸಬಹುದು.

ಕೋಣೆ ಬೀಳುವಾಗ ಅದರೊಳಗಿನ ಟ್ರಂಕಿನಲ್ಲಿದ್ದ ದಫ್ತರವೂ ರದ್ದಿಗೆ ಹೋಗುವ ಭಯವಿದೆ. 1972ರ ಪುರಾವಸ್ತು ಶಾಸನದಂತೆ ಐತಿಹಾಸಿಕ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ದಾಖಲೆಯೂ ಪುರಾವಸ್ತುವೆಂದೇ ಗಣ್ಯವಾಗುತ್ತದೆ. ಎಂದರೆ 1947ರ ಹಿಂದಿನ ಯಾವುದೇ ಶಾಲೆಯ ರಜಿಸ್ಟರು ಈಗಾಗಲೇ ಆ ವಯಸ್ಸನ್ನು ದಾಟಿದೆ.