ಬುಗುರಿ, ಬಳಪ ಮತ್ತು ಕವಡೆ

ಹಿಂದಿನ ಕಾಲದ ಆಟದ ಸಾಮಾನುಗಳನ್ನೂ ಪಾಠಶಾಲೆಯ ಉಪಕರಣಗಳನ್ನೂ ಕೂಡಿಟ್ಟಿರುವ ವಸ್ತುಸಂಗ್ರಹಾಲಯಗಳು ಅನೇಕ ದೇಶಗಳಲ್ಲಿವೆ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಬಾಲ್ಯಕ್ಕೇ ಮೀಸಲಾದ ಸಂಗ್ರಹಾಲಯವೊಂದು 1955ರಲ್ಲಿ ತೆರೆಯಿತು. ನಮ್ಮಲ್ಲಿ ರಾಮನಗರದ ಬಳಿಯ ಜಾನಪದ ಲೋಕವು ಹಳ್ಳಿಯ ಬಾಳಿನ ವಸ್ತುಗಳನ್ನು ಕಾಪಾಡಿಕೊಂಡು ಬಂದಿದೆ. ಇಂಥ ಕಡೆಗೆ ಹೋದ ನಾವು ಸಾಮಾನ್ಯವಾಗಿ ಗಾಜಿನೊಳಗಿನ ವಸ್ತುವನ್ನು ನೋಡಿ, ಚೀಟಿಯ ಮೇಲಿನ ಹೆಸರನ್ನು ಓದಿ ಮುಂದೆ ಸಾಗುತ್ತೇವೆ. ಆದರೆ ಕಂಡ ಮಾತ್ರಕ್ಕೆ ಅದನ್ನು ಅರಿತಂತಾಯಿತೇ? ಹಾಸನದ ಸೀಮೆಯ ಮಕ್ಕಳ ಕೈಯಲ್ಲಿ ತಲೆಮಾರುಗಳಿಂದ ಓಡಾಡಿದ ಮೂರು ವಸ್ತುಗಳನ್ನು ತೆಗೆದುಕೊಂಡು ಇದನ್ನು ವಿಚಾರಮಾಡೋಣ.

ಮೊದಲನೆಯದು ಬುಗುರಿ. ಕಪಾಟಿನಲ್ಲಿ ಅದು ಮಗ್ಗುಲಾಗಿ ಮಲಗಿರುತ್ತದೆ. ಅದನ್ನು ಮೊಳೆಯ ಮೊನೆಯ ಮೇಲೆ ನಿಲ್ಲಿಸುವುದು ಸಾಧ್ಯವಿಲ್ಲ. ಚಾಟಿ ಸುತ್ತಿ ಬೀಸಿ ಎಸೆದರೆ ಅದೇ ಬುಗುರಿ ನೆಟ್ಟಗೆ ನಿಲ್ಲುತ್ತದೆ. ಇದಕ್ಕೆ ಕಾರಣವೇನು? ವೇಗವಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗುರುತ್ವವು ಅದನ್ನು ಉರುಳಿಸಲು ಎಳೆದಾಗ ಅಕ್ಷವು ಕೆಳಕ್ಕೆ ಬೀಳುವ ಬದಲು ಪಕ್ಕಕ್ಕೆ ಸರಿಯುತ್ತ ಸುತ್ತುಹಾಕುತ್ತದೆ. ವೇಗ ಕುಂದಿದ ಬುಗುರಿ ತಲೆಯಾಡಿಸುವುದು ಇದರಿಂದಲೇ. ಭೂಮಿಯ ಅಕ್ಷವೂ ಸೂರ್ಯಚಂದ್ರರ ಸೆಳೆತಕ್ಕೆ ಸಿಕ್ಕಿ ಹೀಗೆಯೇ ತಲೆಯಾಡಿಸುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷಗಳು ಬೇಕು. ಈ ಪಾಠವೆಲ್ಲ ಇರುವುದು ತಿರುಗುವ ಬುಗುರಿಯಲ್ಲಿ, ಮಲಗಿದ ಬುಗುರಿಯಲ್ಲಲ್ಲ.

ಎರಡನೆಯದು ಬಳಪ. ಹಿಂದೆ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಬಳಿಕ ಕಡತದ ಮೇಲೆ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಮುಂದೆ ಸ್ಲೇಟು ಬಂದಿತು. ಬಳಪ ಮಾತ್ರ ಉಳಿಯಿತು. ಬಳಪ ಬರೆಯುವುದೇಕೆ? ಜರ್ಮನ್ ಖನಿಜಶಾಸ್ತ್ರಜ್ಞ ಫ್ರೀಡ್ರಿಶ್ ಮೋಸ್ 1812ರಲ್ಲಿ ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಶ್ರೇಣಿಗೊಳಿಸಿದನು. ವಜ್ರಕ್ಕೆ 10, ಬಳಪದ ಕಲ್ಲಿನಲ್ಲಿ ಹೇರಳವಾಗಿರುವ ಟಾಲ್ಕ್ ಎಂಬ ಖನಿಜಕ್ಕೆ 1. ಟಾಲ್ಕಿನ ಪದರಗಳು ಒಂದನ್ನೊಂದು ಬಲವಾಗಿ ಹಿಡಿದಿರುವುದಿಲ್ಲವಾದ್ದರಿಂದ, ಗಟ್ಟಿಯಾದ ಸ್ಲೇಟಿಗೆ ಉಜ್ಜಿದೊಡನೆ ಅವು ಕಳಚಿ ಬಿಳಿಯ ಗೆರೆಯಾಗಿ ನಿಲ್ಲುತ್ತವೆ.

ಈ ಮೃದುತ್ವದ ಫಲವನ್ನು ಚನ್ನರಾಯಪಟ್ಟಣ ತಾಲೂಕಿನಲ್ಲಿಯೇ ನೋಡಬಹುದು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿದ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಯ ಮೆದುಗಲ್ಲನ್ನು ಆರಿಸಿಕೊಂಡರು; ಆದುದರಿಂದಲೇ ಅಲ್ಲಿನ ಮೂರ್ತಿಗಳ ಒಡವೆಗಳಲ್ಲಿ ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು. ಅದೇ ತಾಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟನು ನಿಂತಿರುವುದು ಗ್ರಾನೈಟಿನಲ್ಲಿ. ಅದರೊಳಗಿನ ಬೆಣಚುಕಲ್ಲಿನ ಗಡಸುತನ 7. ಆ ಕಲ್ಲಿನ ಚೂರನ್ನು ಸ್ಲೇಟಿಗೆ ಉಜ್ಜಿದರೆ ಅಕ್ಷರ ಮೂಡದು, ಸ್ಲೇಟೇ ಗೀಚಿಹೋಗುವುದು.

ಮೂರನೆಯದು ಕವಡೆ. ಇಪ್ಪತ್ತೈದು ಮನೆಗಳ ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಎಸೆದು, ಅಂಗಾತ ಬಿದ್ದವನ್ನು ಎಣಿಸುತ್ತೇವೆ. ನಾಲ್ಕೂ ಅಂಗಾತವಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಕವಡೆಯು ಎರಡು ಬಗೆಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ ಒಟ್ಟು 16 ವಿಧಗಳುಂಟು. ಅವುಗಳಲ್ಲಿ ಎರಡು ಬೀಳುವುದು 6 ವಿಧಗಳಲ್ಲಿ, ಒಂದು ಮತ್ತು ಮೂರು ತಲಾ 4ರಲ್ಲಿ, ನಾಲ್ಕು ಮತ್ತು ಎಂಟು ತಲಾ ಒಂದರಲ್ಲಿ ಮಾತ್ರ. ಆದರೆ ಕವಡೆಯ ಬೆನ್ನೂ ಹೊಟ್ಟೆಯೂ ಒಂದೇ ಆಕಾರದವಲ್ಲ. ಆದ್ದರಿಂದ ಒಂದು ಕವಡೆಯನ್ನು ನೂರು ಸಲ ಎಸೆದು ಲೆಕ್ಕವಿಡಿ. ಒಂದು ಮಗ್ಗುಲನ್ನು ತೇದು ಬಿಳಿ ಮಾಡಿದ ಹುಣಸೆ ಬೀಜದಿಂದಲೂ ಹಾಗೆಯೇ ಪರೀಕ್ಷಿಸಿ. ಎರಡು ಲೆಕ್ಕಗಳಿಗೂ ಇರುವ ವ್ಯತ್ಯಾಸವೇ ಸಂಭವನೀಯತೆಯ ಒಳ್ಳೆಯ ಪಾಠವಾಗುತ್ತದೆ.

ಹೀಗೆ ವಸ್ತುವು ಅರ್ಧ ಮಾತ್ರ; ಅದನ್ನು ಬಳಸುವ ಬಗೆ ಉಳಿದರ್ಧ. ವಸ್ತು ಉಳಿದು ಬಗೆ ಅಳಿದರೆ ಏನಾಗುವುದೆಂಬುದಕ್ಕೆ ಇರಾಕಿನ ಊರ್ ಎಂಬ ಪುರಾತನ ನಗರವೇ ಸಾಕ್ಷಿ. ಅಲ್ಲಿ 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ಅಗೆದು ತೆಗೆದ ಆಟದ ಮಣೆಗಳು ಸುಮಾರು 4,500 ವರ್ಷಗಳಷ್ಟು ಹಳೆಯವು. ಅವುಗಳ ಮೇಲೆ ಆಡುತ್ತಿದ್ದುದು ಹೇಗೆಂದು ಮಣೆ ಹೇಳಲಿಲ್ಲ. ಕ್ರಿ.ಪೂ. 177ರ ಸುಮಾರಿನಲ್ಲಿ ಬ್ಯಾಬಿಲೋನಿನ ಲಿಪಿಕಾರನೊಬ್ಬನು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟ ನಿಯಮಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿದ ಮೇಲೆಯೇ ಆಟದ ಸ್ವರೂಪ ತಿಳಿದುಬಂದಿತು. ನಮ್ಮಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೆ ಎಡೆಗೊಟ್ಟಿದ್ದಾರೆ. ಹಳ್ಳಿಯ ಜಗಲಿಯ ಆಟಗಳಿಗೆ ಅಂಥ ಬರೆಹಗಾರರು ದೊರೆತದ್ದು ವಿರಳ. ಅವುಗಳ ನಿಯಮಗಳು ಬಹುಮಟ್ಟಿಗೆ ಹಿರಿಯರ ನೆನಪಿನಲ್ಲಿವೆ. ನೆನಪಿಗೆ ಗಾಜಿನ ಪೆಟ್ಟಿಗೆಯ ರಕ್ಷಣೆಯಿಲ್ಲ.

ಹೊಳೆನರಸೀಪುರದ ವಿದ್ಯಾರ್ಥಿ ತನ್ನ ಅಜ್ಜಿಯನ್ನೂ ಅರಕಲಗೂಡಿನ ವಿದ್ಯಾರ್ಥಿನಿ ತನ್ನ ತಾತನನ್ನೂ ಕೇಳಿ, ಅಳಗುಳಿಮಣೆಯಲ್ಲಿ ಕಾಳು ಹಂಚುವ ಬಗೆ ಯಾವುದು, ಬರಿದಾದ ಗುಳಿ ಸಿಕ್ಕಿದರೆ ಮುಂದೇನು ಎಂದು ಬರೆದುಕೊಳ್ಳಬಾರದೇ? ಆಟದ ಹೆಸರು, ಊರು, ಹೇಳಿದವರ ವಯಸ್ಸು, ಬರೆದ ದಿನ ಇವಿಷ್ಟನ್ನು ಗುರುತಿಸಿದರೆ ಸಾಕು. ಶಾಲೆಯ ಒಂದು ಕಪಾಟಿನಲ್ಲಿ ಮಣೆಯ ಪಕ್ಕದಲ್ಲಿ ಆ ಹಾಳೆಯನ್ನೂ ಇಟ್ಟರೆ, ಮುಂದೆ ಅದನ್ನು ನೋಡಲು ಬಂದವರು ಅಲ್ಲಿಯೇ ಕುಳಿತು ಆಡಬಲ್ಲರು.