ಪೆಟ್ರೋಲ್ ಕಾಕಿನೊಳಗಿನ ಮರದ ತೊಗಟೆ

ಚಿತ್ರದುರ್ಗದ ಕಡೆಯ ಓದುಗರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಅವರ ತಾತ ಓಡಿಸುತ್ತಿದ್ದ 1950ರ ದಶಕದ ಬಿಎಸ್‌ಎ ಮೋಟಾರ್‌ಸೈಕಲ್ಲು ಟ್ಯಾಂಕು ಬರಿದಾಗಿ ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿತ್ತು. ಈಚೆಗೆ ಹೊರಗೆ ತಂದು ಪೆಟ್ರೋಲ್ ಹಾಕಿದರೆ, ಮುಚ್ಚಿದ ಕಾಕಿನಿಂದಲೇ ತೊಟತೊಟ ಸೋರುತ್ತಿದೆ. ನಿಲ್ಲಿಸುವಾಗ ಒಂದು ಹನಿಯೂ ಸೋರುತ್ತಿರಲಿಲ್ಲವಂತೆ. ‘ಓಡಿಸಿದ್ದರೆ ಸವೆಯಿತು ಅನ್ನಬಹುದಿತ್ತು, ಮುಟ್ಟದೇ ಇಟ್ಟದ್ದು ಹೇಗೆ ಕೆಟ್ಟಿತು?’ ಎಂಬುದು ಅವರ ಗೊಂದಲ. ದೃಷ್ಟಿ ತಾಕಿದೆ ಎಂದು ಯಾರೋ ಹ್ಯಾಂಡಲಿಗೆ ನಿಂಬೆಹಣ್ಣು ಬೇರೆ ಕಟ್ಟಿಸಿದ್ದಾರೆ. ಆ ಹಣ್ಣನ್ನು ಬಿಚ್ಚಿ ಪಾನಕ ಮಾಡಿಕೊಳ್ಳಿ. ಗಾಡಿ ಕೆಟ್ಟಿರುವುದು ಮುಟ್ಟದೇ ಇಟ್ಟದ್ದಕ್ಕೇ.

ಆ ಕಾಲದ ಅನೇಕ ಇಂಗ್ಲಿಷ್ ಬೈಕುಗಳಲ್ಲಿ ಇದ್ದದ್ದು ಎಳೆದರೆ ತೆರೆಯುವ, ಒತ್ತಿದರೆ ಮುಚ್ಚುವ ಕಾಕ್. ಹಿತ್ತಾಳೆಯ ಸಣ್ಣ ಕೊಳವೆಯೊಳಗೆ ಒಂದು ಕಡ್ಡಿ, ಕಡ್ಡಿಗೆ ಪೋಣಿಸಿದ ಒಂದು ತುಂಡು ಬೆಂಡು (ಕಾರ್ಕ್). ಅದು ರಂಧ್ರದ ಮೇಲೆ ಬಂದು ಕೂತರೆ ಪೆಟ್ರೋಲ್ ನಿಲ್ಲಬೇಕು, ಸರಿದರೆ ಹರಿಯಬೇಕು, ಅಷ್ಟೇ. ನಮ್ಮ ಮೈಸೂರಿನ ಯೆಜ್ಡಿಯಲ್ಲಿ ಇರುವುದು ಲಿವರ್ ತಿರುಗಿಸುವ ಬೇರೆ ಬಗೆಯದು. ಅದರ ಕಥೆ ಇಲ್ಲಿ ಬೇಡ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ಏಕೆಂದರೆ ಅನುಭವಿ ಸವಾರರೂ ಇದನ್ನು ತಪ್ಪು ತಿಳಿದಿರುತ್ತಾರೆ. ಇಂಥ ಲಿವರ್ ಕಾಕಿನ ‘ರಿಸರ್ವ್’ ಎಂದರೆ ಟ್ಯಾಂಕಿನೊಳಗೆ ಬಚ್ಚಿಟ್ಟ ಇನ್ನೊಂದು ಪುಟ್ಟ ಟ್ಯಾಂಕಲ್ಲ. ಪೆಟ್ರೋಲ್ ಎಳೆಯುವ ಬಾಯಿಗಳು ಎರಡು. ಒಂದು ಎತ್ತರದಲ್ಲಿ, ಇನ್ನೊಂದು ತಳದಲ್ಲಿ. ಮೇಲಿನದಕ್ಕೆ ಎಟುಕದೆ ಉಳಿದದ್ದೇ ರಿಸರ್ವ್.

ಈಗ ಬೆಂಡಿಗೆ ಬರೋಣ. ನನಗೆ ಇಡೀ ಬೈಕಿಗಿಂತ ಈ ತುಂಡೇ ಹೆಚ್ಚು ಇಷ್ಟ. ಅದು ಪೋರ್ಚುಗಲ್, ಸ್ಪೇನಿನ ಕಡೆ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆ. ಮರವನ್ನು ಕಡಿಯುವುದಿಲ್ಲ. ಸುಮಾರು 25 ವರ್ಷದ ಮರದಿಂದ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಆಮೇಲೆ ಪೋರ್ಚುಗಲ್ಲಿನಲ್ಲಿ ಕನಿಷ್ಠ 9 ವರ್ಷ ಮತ್ತೆ ಮುಟ್ಟುವುದಿಲ್ಲ. ಅಷ್ಟರಲ್ಲಿ ಹೊಸ ತೊಗಟೆ ಬಂದಿರುತ್ತದೆ. ರಾಬರ್ಟ್ ಹುಕ್ ಇದರ ತೆಳು ಪದರವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಂಡದ್ದನ್ನು 1665ರಲ್ಲಿ ಪ್ರಕಟಿಸಿದಾಗಲೇ ಜೀವಶಾಸ್ತ್ರಕ್ಕೆ ‘ಸೆಲ್’ ಎಂಬ ಹೆಸರು ಸಿಕ್ಕಿದ್ದು. ಒಂದು ಘನ ಅಂಗುಲ ಬೆಂಡಿನಲ್ಲಿ 120 ಕೋಟಿಗೂ ಹೆಚ್ಚು ಕೋಣೆಗಳಿವೆ ಎಂದು ಆತ ಲೆಕ್ಕ ಹಾಕಿದ. ಎಲ್ಲವೂ ಸತ್ತ ಕೋಶಗಳು, ಒಳಗೆ ಬರೀ ಗಾಳಿ. ಗೋಡೆಗಳಿಗೆ ಸುಬೆರಿನ್ ಎಂಬ ಮೇಣದಂಥ ವಸ್ತು ಮೆತ್ತಿರುವುದರಿಂದ ದ್ರವ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಲಾರದು.

ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. ರಬ್ಬರಿನ ತುಂಡನ್ನು ಉದ್ದಕ್ಕೆ ಒತ್ತಿ ನೋಡಿ, ಪಕ್ಕಕ್ಕೆ ಉಬ್ಬುತ್ತದೆ. ಬೆಂಡು ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ಅದರ ಕೋಶಗಳ ಗೋಡೆಗಳು ಹಾರ್ಮೋನಿಯಂ ತಿದಿಯ ಹಾಗೆ ನೆರಿಗೆಯಾಗಿರುತ್ತವೆ. ಒತ್ತಿದರೆ ನೆರಿಗೆ ಮಡಚಿಕೊಳ್ಳುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಕೊಳವೆಯೊಳಗೆ ಹಿಂದೆ ಮುಂದೆ ತಳ್ಳಿದರೂ ಅದು ಉಬ್ಬಿ ಸಿಕ್ಕಿಕೊಳ್ಳುವುದಿಲ್ಲ, ಗೋಡೆಗೆ ಹದವಾಗಿ ಒತ್ತಿಕೊಂಡೂ ಇರುತ್ತದೆ. ಕೃತಕ ರಬ್ಬರಿನ ಕಾಲಕ್ಕೆ ಮುಂಚೆ ಪೆಟ್ರೋಲಿಗೆ ಜಗ್ಗದೆ ಇಷ್ಟು ನಯವಾಗಿ ಜಾರುವ ಬೇರೆ ವಸ್ತು ಸಿಗುವುದು ಕಷ್ಟವಿತ್ತು.

ಆದರೆ ಇದಕ್ಕೆ ತೇವ ಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವವರೆಗೆ ಬೆಂಡು ನೆನೆದು ತುಂಬಿಕೊಂಡಿರುತ್ತದೆ. ಬರಿದು ಮಾಡಿದಿರೋ, ಚಿತ್ರದುರ್ಗದ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಅದರ ಮೇಲೆ ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಅದುಮಿಕೊಂಡು ಕೂತದ್ದರಿಂದ ನೆರಿಗೆಗಳು ಹಾಗೆಯೇ ಸೆಟೆದುಬಿಡುತ್ತವೆ. ಸವೆದದ್ದು ಏನೂ ಇಲ್ಲ, ಸೊರಗಿದೆ.

ಮದ್ದು ಅಡುಗೆಮನೆಯಲ್ಲೇ ಇದೆ. ಪೋರ್ಚುಗಲ್ಲಿನ ಕಾರ್ಖಾನೆಗಳಲ್ಲಿ ಸುಲಿದ ತೊಗಟೆಯನ್ನು ಕುದಿಸುತ್ತಾರೆ. ಬಿಸಿಗೆ ಗೋಡೆಗಳು ಮೆದುವಾಗಿ, ಸುಕ್ಕು ಬಿಚ್ಚಿಕೊಂಡು, ಹಲಗೆ ದಪ್ಪವಾಗುತ್ತದೆ. ಇಂಗ್ಲೆಂಡಿನ ಹಳೆಯ ಬೈಕುಪ್ರಿಯರು ಮಾಡುವುದೂ ಇದನ್ನೇ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಕಡ್ಡಿಯನ್ನು ಹೊರಗೆಳೆದು, ಪೆಟ್ರೋಲಿನ ಪಸೆ ಆರಿದ ಮೇಲೆ ಬೆಂಡನ್ನು ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ. ಬೆರಳಿಗೆ ಮೆತ್ತಗೆ, ದುಂಡಗೆ ಆದದ್ದು ಗೊತ್ತಾಗುತ್ತದೆ. ಒರೆಸಿ ಒಳಗೆ ತೂರಿಸಿ.

ಟ್ಯಾಂಕ್ ಬರಿದು ಮಾಡುವ ಕೆಲಸ ಬಯಲಿನಲ್ಲೇ ಆಗಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಶೆಡ್ಡಿನ ಆ ತುದಿಯಲ್ಲಿ ಫೋಟೋದ ಮುಂದೆ ಹಚ್ಚಿಟ್ಟ ದೀಪವನ್ನೂ ಅದು ಹುಡುಕಿಕೊಂಡು ಹೋದೀತು. ಎಲ್ಲಿ ಸೋರುತ್ತಿದೆ ಎಂದು ನೋಡಲು ಬೆಂಕಿಕಡ್ಡಿ ಗೀರುವ ಶೂರರನ್ನು ನಾನು ಕಂಡಿದ್ದೇನೆ. ಅವರಿಗೆ ಬೈಗುಳ ಬಿಟ್ಟು ಬೇರೆ ಉಪದೇಶ ನನ್ನಲ್ಲಿಲ್ಲ.

ಮೆಕ್ಯಾನಿಕ್ಕುಗಳು ಸೋರುವ ಕಡೆಗೆ ಸ್ನಾನದ ಸೋಪು ಮೆತ್ತುವುದನ್ನು ನೋಡಿ ಕೆಲವರು ನಗುತ್ತಾರೆ. ನಗಬೇಡಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಆದ್ದರಿಂದ ಟ್ಯಾಂಕಿನ ಸಣ್ಣ ಬಿರುಕು ಅದರಿಂದ ತಾತ್ಕಾಲಿಕವಾಗಿ ನಿಲ್ಲುತ್ತದೆ. ಆದರೆ ಕಾಕಿನೊಳಗಿನ ಸೋರಿಕೆಗೆ ಹೊರಗೆ ಹಚ್ಚಿದ ಸೋಪು ಏನು ಮಾಡೀತು? ಟ್ಯಾಂಕಿಗೆ ಕೂಡುವ ನಟ್ಟನ್ನು ಇನ್ನಷ್ಟು ಬಿಗಿದರೂ ಅಷ್ಟೇ, ಹಿತ್ತಾಳೆಯ ಥ್ರೆಡ್ ಕಿತ್ತುಬಂದೀತು.

ಒಂದು ಹಳೆಯ ಉಪಾಯವನ್ನು ಮಾತ್ರ ಈಗ ಬಿಟ್ಟುಬಿಡಬೇಕು. ಹಿಂದೆ ಬೆಂಡಿಗೆ ಅರಗಿನ ವಾರ್ನಿಷ್ ಬಳಿಯುವವರಿದ್ದರು. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಆಲ್ಕೋಹಾಲಿಗೆ ಕರಗುತ್ತದೆ. ಬಡಗಿಗಳು ಪಾಲಿಷ್‌ಗೆ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದು ಅದಕ್ಕೇ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನ ಐದರಲ್ಲೊಂದು ಪಾಲು ಎಥನಾಲ್. ಬಳಿದ ಅರಗು ಕರಗಿ ನೇರ ಕಾರ್ಬೊರೇಟರಿಗೆ ಇಳಿದು ಅಂಟಾಗುತ್ತದೆ. ಹಳೆಯ ಕಾಲದ ರಬ್ಬರುಗಳಲ್ಲೂ ಹಲವು ಎಥನಾಲಿಗೆ ಉಬ್ಬಿ ಮೆತ್ತಗಾಗುತ್ತವೆ. ಆದ್ದರಿಂದ ಕುದಿಸಿದ ಮೇಲೂ ಬೆಂಡು ಪುಡಿಪುಡಿ ಉದುರಿದರೆ, ಅದರ ಜಾಗಕ್ಕೆ ವೈಟಾನ್ ಎಂಬ ಫ್ಲೋರಿನ್ ಬೆರೆತ ರಬ್ಬರಿನ ಓ-ರಿಂಗ್ ಇರುವ ಕಡ್ಡಿ ಹಾಕಿಸಿ. ಅಂಗಡಿಯವರು ಕೊಟ್ಟ ಯಾವುದೋ ಕಪ್ಪು ರಿಂಗ್ ಆಗುವುದಿಲ್ಲ, ವೈಟಾನ್ ಎಂದೇ ಕೇಳಿ ತನ್ನಿ.